ಯೋಸೇಫ, ಯೂಸುಫ್, ಜುಜೆ

ಸಕಲೇಶಪುರ, ಆಲೂರು ಕಡೆಯ ಕಾಫಿತೋಟಗಳಲ್ಲಿ ಘಟ್ಟದ ಕೆಳಗಿನಿಂದ ಬಂದು ನೆಲೆಸಿದವರು ಅನೇಕರು. ತೋಟದ ಹಾಜರಿ ಪುಸ್ತಕದಲ್ಲಿ ಜೋಸೆಫ್, ಯೂಸುಫ್ ಎಂಬವು ಒಂದರ ಕೆಳಗೊಂದು ಬಂದರೆ ರೈಟರಿಗೆ ಅವು ಎರಡು ಮತಗಳ ಎರಡು ಹೆಸರು. ಭಾಷೆಯ ಚರಿತ್ರೆಯಲ್ಲಿ ಅವು ಒಂದೇ.

ಹೀಬ್ರೂವಿನ ಯೋಸೇಫ್ ಗ್ರೀಕ್, ಲ್ಯಾಟಿನ್‌ಗಳನ್ನು ಹಾದು ಇಂಗ್ಲಿಷಿನಲ್ಲಿ ಜೋಸೆಫ್ ಆಯಿತು, ಪೋರ್ಚುಗೀಸರೊಡನೆ ಗೋವೆಗೆ ಬಂದು ಕೊಂಕಣಿಯಲ್ಲಿ ಜುಜೆ ಆಯಿತು, ಅರಬ್ಬಿಯಲ್ಲಿ ಯೂಸುಫ್. ಕುರ್‌ಆನಿನ 12ನೆಯ ಅಧ್ಯಾಯದ ಹೆಸರೇ ಅದು. ಹಳೆಯ ಕನ್ನಡ ಬೈಬಲು ಮೂಲದ ಯಕಾರವನ್ನು ಬಿಡದೆ ‘ಯೋಸೇಫ’ ಎಂದಿತು.

ಅರ್ಥವೇನು? ಆದಿಕಾಂಡದ 30ನೆಯ ಅಧ್ಯಾಯವನ್ನು ನೋಡಬೇಕು. ಬಹುಕಾಲ ಬಂಜೆಯೆನಿಸಿಕೊಂಡಿದ್ದ ರಾಹೇಲಳು ಗಂಡುಮಗುವನ್ನು ಹೆತ್ತು, ದೇವರು ನನ್ನ ಅವಮಾನವನ್ನು ತೆಗೆದುಹಾಕಿದ ಎನ್ನುತ್ತಾಳೆ. ಮರುಮಾತಿನಲ್ಲೇ, ಇನ್ನೊಬ್ಬ ಮಗನನ್ನು ಕೂಡಿಸಲಿ ಎಂದು ಬೇಡುತ್ತಾಳೆ. ತೆಗೆಯುವುದಕ್ಕೆ ಅಲ್ಲಿನ ಧಾತು ‘ಆಸಫ್’, ಕೂಡಿಸುವುದಕ್ಕೆ ‘ಯಾಸಫ್’. ವ್ಯಾಕರಣಕ್ಕೆ ಒಪ್ಪುವುದು ಎರಡನೆಯದು. ಆದರೂ ಕಳೆಯುವುದು, ಕೂಡುವುದು ಎರಡನ್ನೂ ಕಥೆಗಾರ ಒಂದೇ ಹೆಸರಿನಲ್ಲಿ ಕೇಳಿಸಿದ್ದಾನೆ.

ಇಂಥ ಶ್ಲೇಷೆ ನಮಗೆ ಹೊಸತಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಮನೆಗಳಲ್ಲಿ, ಇನ್ನು ಸಾಕೆಂದು, ಸಾಕಮ್ಮ ಎಂದು ಹೆಸರಿಡುತ್ತಿದ್ದರು. ಸಲಹು ಎಂಬುದಕ್ಕೂ ಕನ್ನಡದಲ್ಲಿ ‘ಸಾಕು’ ಎಂದೇ ಹೇಳುತ್ತೇವೆ. ಬೇಡವೆಂದ ಹೆಸರಲ್ಲೇ ಪೊರೆಯುವ ಮಾತೂ ಅಡಗಿದೆ. ಇಟ್ಟವರು ಅದನ್ನು ಗಮನಿಸಿದ್ದರೋ ಇಲ್ಲವೋ!

ರಾಹೇಲಳು ಸಾಕೆನ್ನಲಿಲ್ಲ. ಆಕೆಯ ಬೇಡಿಕೆ ಈಡೇರಿತು. ಆ ಎರಡನೆಯ ಮಗನನ್ನು ಹೆತ್ತು, ಬೆನೋನಿ, ಎಂದರೆ ‘ನನ್ನ ದುಃಖದ ಮಗ’ ಎಂದು ಕರೆದು, ಆಕೆ ದಾರಿಯಲ್ಲೇ ತೀರಿಕೊಂಡಳು. ತಂದೆ ಆ ಹೆಸರನ್ನು ಉಳಿಸಲಿಲ್ಲ. ಮಗುವನ್ನು ಬೆನ್ಯಾಮೀನ್ ಎಂದು ಕರೆದ.