ಹಡಗಿನ ತಳದ ಸಿಗಡಿ

ಡ್ರೈಡಾಕ್‌ನಲ್ಲಿ ಕೆಲಸ ಮಾಡಿದವರಿಗೆ ಆ ವಾಸನೆಯ ಬಗ್ಗೆ ಹೇಳಬೇಕಾಗಿಲ್ಲ. ಹಡಗು ಒಳಗೆ ಬಂದು, ಗೇಟು ಮುಚ್ಚಿ, ಪಂಪು ನೀರನ್ನೆಲ್ಲ ಎಳೆದು ಹಾಕಿದ ಮೇಲೆ ತಳ ಕಾಣುತ್ತದೆ. ಪೇಂಟ್ ಇರಬೇಕಾದ ಜಾಗದಲ್ಲಿ ಬಿಳಿ ಬಿಳಿ ಗುಬ್ಬಿಗಳು, ಸಾವಿರಗಟ್ಟಲೆ. ಬಾರ್ನಕಲ್. ಮುಟ್ಟಿದರೆ ಕೈ ಕೊಯ್ಯುತ್ತದೆ. ಬಿಸಿಲಿಗೆ ಎರಡು ತಾಸು ಬಿದ್ದರೆ ಕೊಳೆತ ಮೀನಿನ ನಾತ. ಗಲ್ಫಿಗೆ ಬಂದ ಮೊದಲ ನಾಲ್ಕು ವರ್ಷ ನನ್ನ ಕೆಲಸ ಇದನ್ನು ಕೆರೆಯುವುದೇ ಆಗಿತ್ತು. ಮೊದಲು ಸ್ಕ್ರೇಪರ್ ಹಿಡಿದು, ಆಮೇಲೆ ನೀರಿನ ಗನ್ ಹಿಡಿದು.

ನಾನು ಕುಮಟಾ ಕಡೆಯವನು. ಅಘನಾಶಿನಿಯ ಇಳಿತದಲ್ಲಿ ಅಮ್ಮನ ಜೊತೆ ಬೆಳಚು ಹೆಕ್ಕಿ ಬೆಳೆದವನು. ಚಿಪ್ಪು ಇದ್ದರೆ ಅದು ಬೆಳಚಿನ ಜಾತಿಯೇ ಎನ್ನುವುದು ನನ್ನ ಲೆಕ್ಕ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಕಶೇರುಕ ಪ್ರಾಣಿಗಳ ಚಾರ್ಟು ಮಾಡಬೇಕಾಗಿ ಬಂತು. ಅಕಶೇರುಕ ಎಂದರೆ ಬೆನ್ನೆಲುಬಿಲ್ಲದ್ದು. ನಾನು ಹೆಮ್ಮೆಯಿಂದ ಹಡಗಿನ ತಳದ ಫೋಟೋ ಕಳಿಸಿ, "ಇದನ್ನು ಮೃದ್ವಂಗಿ ಕೆಳಗೆ ಅಂಟಿಸು ಮಗಾ, ನಮ್ಮ ಬೆಳಚಿನ ತಮ್ಮ ಇದು" ಅಂದೆ. ಮರುವಾರ ಫೋನು. "ಅಪ್ಪಾ, ನೀನು ಹೇಳಿದ್ದು ತಪ್ಪಂತೆ. ಅದು ಸಂಧಿಪದಿಯಂತೆ. ಟೀಚರ್ ಎಲ್ಲರ ಎದುರು ಹೇಳಿದ್ರು." ಸಂಧಿಪದಿ ಎಂದರೆ ಕೀಲುಗಾಲಿನ ಪ್ರಾಣಿ, ಏಡಿ, ಸಿಗಡಿ, ಜಿರಳೆಗಳ ಬಳಗ. ನಾಲ್ಕು ವರ್ಷ ಕೈಯಾರೆ ಕೆರೆದದ್ದು ಏನೆಂದು ನನಗೇ ಗೊತ್ತಿರಲಿಲ್ಲ. ಅದು ಸ್ವಲ್ಪ ಚುಚ್ಚಿತು. ಆಮೇಲಿನ ಶುಕ್ರವಾರಗಳಲ್ಲಿ ಕ್ಯಾಂಪಿನ ಮಂಚದ ಮೇಲೆ ಬಿದ್ದುಕೊಂಡು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ತಪ್ಪು ನನ್ನೊಬ್ಬನದಲ್ಲ ಎಂಬುದೇ ಮೊದಲು ಸಿಕ್ಕ ಸಮಾಧಾನ. 12ನೇ ಶತಮಾನದಲ್ಲಿ ಐರ್ಲೆಂಡ್ ಬಗ್ಗೆ ಬರೆದ ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ, ಕಡಲ ಮರದ ದಿಮ್ಮಿಗೆ ಅಂಟಿದ ಬಾರ್ನಕಲ್‌ನಿಂದ ಬಾತಿನಂಥ ಹಕ್ಕಿಗಳು ಹುಟ್ಟುತ್ತವೆ ಎಂದೇ ಬರೆದಿಟ್ಟ. ಹಕ್ಕಿ ಮೊಟ್ಟೆಯಿಂದ ಬಂದದ್ದಲ್ಲವಾದ್ದರಿಂದ ಉಪವಾಸದ ದಿನ ತಿಂದರೂ ದೋಷವಿಲ್ಲ ಎಂಬ ಅನುಕೂಲವೂ ಅದರಲ್ಲಿತ್ತು!

1758ರಲ್ಲಿ ಲಿನೇಯಸ್ ಪ್ರಾಣಿಗಳನ್ನೆಲ್ಲ ಆರು ವರ್ಗ ಮಾಡಿದ. ಬೆನ್ನೆಲುಬು ಇದ್ದವಕ್ಕೆ ನಾಲ್ಕು, ಇಲ್ಲದವಕ್ಕೆಲ್ಲ ಸೇರಿ ಎರಡೇ: ಕೀಟ ಮತ್ತು ಹುಳು. ಎರೆಹುಳು, ಬೆಳಚು, ಬೊಂಡಾಸ್, ನಕ್ಷತ್ರಮೀನು, ಲೋಳೆಮೀನು ಎಲ್ಲವೂ 'ಹುಳು'. ಚಿಪ್ಪಿದ್ದ ಬಾರ್ನಕಲ್ ಕೂಡ ಅಲ್ಲಿಗೇ ಹೋಯಿತು. ಮನೆಯಲ್ಲಿ ಜಾಗವಿಲ್ಲದ ಸಾಮಾನನ್ನೆಲ್ಲ ಅಟ್ಟಕ್ಕೆ ಎಸೆದ ಹಾಗೆ.

ಆ ಅಟ್ಟವನ್ನು ಇಳಿಸಿ ನೋಡುವ ಕೆಲಸ 1793ರಲ್ಲಿ ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ಲಾಮಾರ್ಕ್ ಪಾಲಿಗೆ ಬಂತು. ಆತ ಅಲ್ಲಿಯವರೆಗೆ ಗಿಡಮರಗಳ ಪಂಡಿತ. ವಯಸ್ಸು ಐವತ್ತರ ಹತ್ತಿರ. ಕೊಟ್ಟ ಹುದ್ದೆ ಮಾತ್ರ ಕೀಟ ಮತ್ತು ಹುಳುಗಳ ಪ್ರೊಫೆಸರ್. ವೀಸಾದಲ್ಲಿ ಒಂದು ಕೆಲಸ, ಬಂದಿಳಿದ ಮೇಲೆ ಇನ್ನೊಂದು ಕೆಲಸ, ನಮಗೇನು ಹೊಸದೇ? ಆದರೆ ಮನುಷ್ಯ ಗೊಣಗುತ್ತಾ ಕೂರಲಿಲ್ಲ. 'ಬೆನ್ನೆಲುಬಿಲ್ಲದ ಪ್ರಾಣಿಗಳು' ಎಂಬ ಹೆಸರನ್ನೇ ಅವನು ರೂಢಿಗೆ ತಂದ. 1815ರಿಂದ 1822ರವರೆಗೆ ಏಳು ಸಂಪುಟ ಬರೆದ, ಕೊನೆಕೊನೆಗೆ ಕಣ್ಣು ಹೋಗಿ ಮಗಳ ನೆರವಿನಿಂದ.

ಅದೇ ಮ್ಯೂಸಿಯಂನಲ್ಲಿ ಕುವಿಯೇ ಇದ್ದ. ಆ ಕಾಲದಲ್ಲಿ ಪ್ರಾಣಿಯ ಒಡಲು ಬಿಚ್ಚಿ ಓದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹೊರಗಿನ ಆಕಾರ ಬಿಡಿ, ಒಳಗೆ ನರ ಹೇಗೆ ಹರಿದಿದೆ, ರಕ್ತ ಹೇಗೆ ಓಡುತ್ತದೆ ನೋಡಿ ಎಂದವನು ಅವನು. ಹಾಗೆ ನೋಡಿದರೆ ಕಡಲಂಗಡಿಯೇ ಬೇರೆಯಾಗಿ ಕಾಣುತ್ತದೆ. ಲೋಳೆಮೀನಿಗೆ ರಕ್ತವೂ ಇಲ್ಲ, ಮಿದುಳೂ ಇಲ್ಲ. ತಿನ್ನುವುದೂ ಉಗುಳುವುದೂ ಒಂದೇ ಬಾಯಿಯಿಂದ. ನಕ್ಷತ್ರಮೀನಿನ ಮೈಯೊಳಗೆ ನೀರಿನ ಪೈಪ್‌ಲೈನೇ ಇದೆ. ಆ ನೀರಿನ ಒತ್ತಡದಲ್ಲಿ ನೂರಾರು ಪುಟ್ಟ ಕಾಲುಗಳನ್ನು ಚಾಚಿ ನಡೆಯುತ್ತದೆ. ಎರೆಹುಳುವಿನ ರಕ್ತ ನಮ್ಮ ರಕ್ತದಂತೆ ನಾಳದೊಳಗೇ ಓಡುತ್ತದೆ. ಬೊಂಡಾಸ್‌ಗೆ ಮೂರು ಹೃದಯ. ಕರಿಗೆ ಹೆಚ್ಚುವಾಗ ನಾವು ಯಾರೂ ಎಣಿಸಿಲ್ಲ ಅಷ್ಟೇ.

ಈಗ ಬೆಳಚು ಮತ್ತು ಸಿಗಡಿಯನ್ನು ಪಕ್ಕಪಕ್ಕ ಇಡೋಣ. ಬೆಳಚಿಗೆ ತಲೆಯೇ ಇಲ್ಲ. ಮೆತ್ತಗಿನ ಮೈ, ಅದರ ಸುತ್ತ ಶಾಲು ಹೊದ್ದಂತೆ ಒಂದು ಪೊರೆ; ಚಿಪ್ಪು ಕಟ್ಟುವುದು ಆ ಪೊರೆಯೇ. ಕಿವಿರೇ ಅದರ ಜರಡಿ. ಉಸಿರೂ ಅಲ್ಲೇ, ಊಟವನ್ನು ಸೋಸುವುದೂ ಅಲ್ಲೇ. ನರದ ಗಂಟುಗಳು ಅಲ್ಲೊಂದು ಜೊತೆ ಇಲ್ಲೊಂದು ಜೊತೆ ಚದುರಿವೆ. ಸಿಗಡಿಯ ಕಥೆ ಬೇರೆ. ಮೈಯೆಲ್ಲ ತುಂಡುತುಂಡು, ಕಾಲೆಲ್ಲ ಕೀಲು. ಹೃದಯ ಬೆನ್ನ ಕಡೆ, ನರದ ಹುರಿ ಹೊಟ್ಟೆಯ ಕಡೆ. ನಮಗಿಂತ ಪೂರ್ತಿ ಉಲ್ಟಾ. ಬೆಳೆಯಬೇಕಾದರೆ ಹಳೇ ಅಂಗಿಯಂತೆ ಚರ್ಮ ಕಳಚಲೇಬೇಕು. ಬೆಳಚು ಹಾಗಲ್ಲ, ಇದ್ದ ಚಿಪ್ಪಿಗೇ ಅಂಚು ಕಟ್ಟುತ್ತಾ ಹೋಗುತ್ತದೆ.

ಬಾರ್ನಕಲ್ ಯಾವ ಕಡೆ? ಸುಣ್ಣದ ಚಿಪ್ಪಿದೆ, ಅದನ್ನು ಕಟ್ಟುವ ಪೊರೆಯಿದೆ, ಕೂತಲ್ಲಿಂದ ಏಳುವುದಿಲ್ಲ. ಇಷ್ಟು ಬೆಳಚಿನದು. ಆದರೆ ಒಡೆದು ನೋಡಿದರೆ ಒಳಗೆ ಆರು ಜೊತೆ ಕೀಲುಗಾಲು, ಹೊಟ್ಟೆಯ ಕಡೆ ನರ. ಹೃದಯ ಮಾತ್ರ ಇಲ್ಲವೇ ಇಲ್ಲ. ಕುವಿಯೇ ಈ ಕಾಲನ್ನೂ ನರವನ್ನೂ ಕಂಡಿದ್ದ. ಕಂಡೂ 1817ರ ತನ್ನ ದೊಡ್ಡ ಗ್ರಂಥದಲ್ಲಿ ಅದನ್ನು ಮೃದ್ವಂಗಿಗಳ ಜೊತೆಗೇ ಇಟ್ಟ. ಚಿಪ್ಪು ಅಂಥವನನ್ನೂ ಮೋಸ ಮಾಡಿತು.

ಗಂಟು ಬಿಚ್ಚಿದವನು ಪ್ರೊಫೆಸರನಲ್ಲ, ಸಂಬಳಕ್ಕೆ ದುಡಿಯುವ ಮಿಲಿಟರಿ ಡಾಕ್ಟರ್. ಜಾನ್ ವಾನ್ ಥಾಂಪ್ಸನ್. ನೌಕರಿ ಎಳೆದುಕೊಂಡು ಹೋದಲ್ಲೆಲ್ಲ ಹೋದವನು: ವೆಸ್ಟ್ ಇಂಡೀಸ್, ಮಾರಿಷಸ್, ಆಮೇಲೆ ಐರ್ಲೆಂಡಿನ ಕಾರ್ಕ್ ಬಂದರು. ಡ್ಯೂಟಿ ಮುಗಿದ ಮೇಲೆ ತೆಳು ಬಟ್ಟೆಯ ಬಲೆ ಎಳೆದು ಸಮುದ್ರದ ಸಣ್ಣ ಜೀವಿಗಳನ್ನು ಹಿಡಿಯುವುದು ಅವನ ಹುಚ್ಚು. 1826ರ ವಸಂತದಲ್ಲಿ ಸಣ್ಣ ಸಿಗಡಿಯಂತೆ ಈಜುತ್ತಿದ್ದ, ಕಣ್ಣು ಕಾಲು ಎಲ್ಲ ಇದ್ದ ಕೆಲವು ಮರಿಗಳು ಸಿಕ್ಕವು. ಗಾಜಿನ ಪಾತ್ರೆಯಲ್ಲಿ ಕಡಲ ನೀರು ಹಾಕಿ ಬಿಟ್ಟ. ಕೆಲವು ದಿನ ಕಳೆದು ನೋಡುತ್ತಾನೆ, ಅವು ಹಳೇ ಚರ್ಮ ಕಳಚಿ ಪಾತ್ರೆಯ ತಳಕ್ಕೆ ಅಂಟಿಕೊಂಡಿವೆ. ಬಾರ್ನಕಲ್ ಆಗಿವೆ! 1830ರಲ್ಲಿ ಅದನ್ನು ಅಚ್ಚು ಹಾಕಿಸಿದ. ಕುವಿಯೇಯ ಚಾಕು ಬೆಳೆದ ಪ್ರಾಣಿಯನ್ನು ನೋಡಿತ್ತು, ಥಾಂಪ್ಸನ್ ಅದರ ಬಾಲ್ಯ ನೋಡಿದ.

ಇಷ್ಟಕ್ಕೇ ನಿಲ್ಲಲಿಲ್ಲ. ಕೆಲವು ಏಡಿಗಳ ಹೊಟ್ಟೆಯಡಿ ಒಂದು ಹಳದಿ ಚೀಲ ಜೋತಿರುತ್ತದೆ, ನೋಡಿದರೆ ಮೊಟ್ಟೆಯ ಗಂಟೆನಿಸಬೇಕು. ಅದು ಮೊಟ್ಟೆಯಲ್ಲ, ಪರೋಪಜೀವಿ. ಕಾಲಿಲ್ಲ, ಬಾಯಿಲ್ಲ, ಕರುಳಿಲ್ಲ. ಬೇರಿನಂಥ ಎಳೆಗಳನ್ನು ಏಡಿಯ ಮೈಯೊಳಗೆ ಇಳಿಸಿ ಹೀರುತ್ತದೆ. ಇದರ ಮರಿಯೂ ಬಾರ್ನಕಲ್ ಮರಿಯಂತೆಯೇ ಈಜುತ್ತದೆಂದು 1836ರಲ್ಲಿ ಥಾಂಪ್ಸನ್ನೇ ತೋರಿಸಿದ. ಅಷ್ಟರಲ್ಲಿ ಅವನಿಗೆ ಸಿಡ್ನಿಗೆ ವರ್ಗವಾಗಿತ್ತು, ಅಲ್ಲಿ ಕೈದಿಗಳ ವೈದ್ಯಕೀಯ ಉಸ್ತುವಾರಿ. 1847ರಲ್ಲಿ ಅಲ್ಲೇ ತೀರಿಕೊಂಡ. ಇವನ ಹೆಸರು ನಮ್ಮ ಯಾವ ಶಾಲೆಯ ಪುಸ್ತಕದಲ್ಲೂ ನಾನು ಕಂಡಿಲ್ಲ.

ಡಾರ್ವಿನ್ ಹೆಸರು ಎಲ್ಲರಿಗೂ ಗೊತ್ತು. ಅವನು 1846ರಿಂದ 1854ರವರೆಗೆ ಎಂಟು ವರ್ಷ ಬಾರ್ನಕಲ್ ಬಿಟ್ಟು ಬೇರೆ ದೊಡ್ಡ ಕೆಲಸ ಕೈಗೆತ್ತಿಕೊಳ್ಳಲಿಲ್ಲ. ಅವನ ಮಕ್ಕಳಲ್ಲೊಬ್ಬ ಪಕ್ಕದ ಮನೆಯವರ ಬಗ್ಗೆ, ಅವರು ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಕೂತು ಮಾಡುತ್ತಾರೆ ಎಂದು ಕೇಳಿದನಂತೆ. ಎಲ್ಲ ಅಪ್ಪಂದಿರೂ ಅದನ್ನೇ ಮಾಡುತ್ತಾರೆ ಅಂದುಕೊಂಡಿತ್ತು ಪಾಪ. ನನ್ನ ಮಗಳಿಗೂ ಸಣ್ಣವಳಿದ್ದಾಗ, ಅಪ್ಪಂದಿರೆಲ್ಲ ಫೋನಿನೊಳಗೇ ಇರುತ್ತಾರೆ ಎಂಬ ನಂಬಿಕೆಯಿತ್ತು. ಸೂಕ್ಷ್ಮದರ್ಶಕದಡಿ ಡಾರ್ವಿನ್ ಒಂದು ವಿಚಿತ್ರ ಕಂಡ: ಕೆಲವು ಜಾತಿಗಳಲ್ಲಿ ಗಂಡು ಎನ್ನುವುದು ಹೆಣ್ಣಿನ ಮೈಗೆ ಅಂಟಿದ ಒಂದು ಚುಕ್ಕೆಯಷ್ಟೇ. ಆದರೆ ಅವನೂ ಒಂದು ಕಡೆ ಎಡವಿದ. ಅಂಟು ಸುರಿಸುವ ಗ್ರಂಥಿಗೂ ಅಂಡಾಶಯಕ್ಕೂ ಸಂಬಂಧವಿದೆ ಎಂದು ಬರೆದ, ಅದು ತಪ್ಪೆಂದು 1859ರಲ್ಲಿ ಕ್ರೋನ್ ಎಂಬ ವಿಜ್ಞಾನಿ ತೋರಿಸಿದ.

ಆ ಅಂಟಿನ ಗಟ್ಟಿತನ ನನಗೆ ಗೊತ್ತು. ಈಜುವ ಮರಿ ತನ್ನ ಮೊದಲ ಜೋಡಿ ಮೀಸೆಗಳ ಮೇಲೆ ನಡೆದಾಡಿ ಜಾಗ ಹುಡುಕುತ್ತದೆ. ಜಾಗ ಒಪ್ಪಿಗೆಯಾದರೆ ಆ ಮೀಸೆಗಳಿಂದಲೇ ಅಂಟು ಸುರಿಸಿ ಮಂಡೆ ಕೆಳಗೆ ಮಾಡಿ ಕೂರುತ್ತದೆ. ಆಮೇಲೆ ಆಯುಷ್ಯವಿಡೀ ತಲೆಕೆಳಗು. ಕಾಲು ನಡೆಯಲು ಅಲ್ಲ, ನೀರಿನಿಂದ ಊಟ ಬಾಚಲು.

ಕಳೆದ ಚಳಿಗಾಲ ಜೆಟ್ಟಿಯ ಕಂಬದ ಹತ್ತಿರ ಬಾರ್ನಕಲ್ ಹಿಡಿದ ಒಂದು ಕಲ್ಲು ಸಿಕ್ಕಿತು. ಚಹಾದ ಗಾಜಿನ ಲೋಟಕ್ಕೆ ಸಮುದ್ರದ ನೀರು ತುಂಬಿ ಅದನ್ನು ಇಳಿಸಿದೆ. ರೂಮಿನವರು, "ಏನೋ ಭಟ್ಕಳದ ಸಾರು ಮಾಡ್ತೀಯಾ?" ಅಂತ ನಕ್ಕರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಮೇಲಿನ ಬಾಗಿಲು ಸೀಳಿ ತೆರೆದು, ಗರಿಯಂಥ ಕಾಲುಗಳು ಹೊರಬಂದವು. ಬಾಚಿದವು, ಒಳಹೋದವು, ಮತ್ತೆ ಬಾಚಿದವು. ನಗುತ್ತಿದ್ದವರು ಲೋಟದ ಸುತ್ತ ಬಗ್ಗಿ ನಿಂತರು. ವಿಡಿಯೋ ಮಾಡಿ ಮಗಳಿಗೆ ಕಳಿಸಿದೆ. ಈಗ ಅವಳು ಪಿಯುಸಿ. ರಾತ್ರಿ ಉತ್ತರ ಬಂತು: "ಅಪ್ಪಾ, ಇದರ ಕಾಲು ಎಷ್ಟು ಜೊತೆ ಅಂತ ಎಣಿಸಿದ್ಯಾ?"

ಎಣಿಸಿರಲಿಲ್ಲ. ಎದ್ದು ಲೈಟು ಹಾಕಿ, ಲೋಟ ಹತ್ತಿರ ಎಳೆದುಕೊಂಡೆ.