ಐಲೆನ್‌ಬುರ್ಗಿನ ಪಾದ್ರಿಯ ಕೃತಜ್ಞತೆ

'ಸಂಕಟ ಬಂದಾಗ ವೆಂಕಟರಮಣ' ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಕಷ್ಟಕಾಲದಲ್ಲಿ ದೇವರಿಗೆ ಮೊರೆಯಿಡುವುದು ಮನುಷ್ಯನ ಸಹಜಗುಣ. ಆದರೆ ಕಷ್ಟದ ನಡುವೆಯೇ ನಿಂತು ದೇವರಿಗೆ ವಂದನೆಯನ್ನರ್ಪಿಸುವುದು, ಹರ್ಷಚಿತ್ತವನ್ನು ಕಾಪಾಡಿಕೊಳ್ಳುವುದು ಅಷ್ಟು ಸಹಜವಾದುದಲ್ಲ. ಅಂಥ ಒಬ್ಬ ಮನುಷ್ಯನ ಕಥೆಯನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, ಲೈಪ್‌ಜಿಗ್ ನಗರಕ್ಕೆ ಅನತಿದೂರದಲ್ಲಿ, ಮುಲ್ಡೆ ನದಿಯ ದಡದಲ್ಲಿ ಐಲೆನ್‌ಬುರ್ಗ್ ಎಂಬ ಊರಿದೆ. ಪೀಪಾಯಿ ಮಾಡುವ ಕಸುಬಿನವನೊಬ್ಬನ ಮಗನಾಗಿ ಮಾರ್ಟಿನ್ ರಿಂಕಾರ್ಟನು 1586ರಲ್ಲಿ ಅಲ್ಲಿ ಹುಟ್ಟಿದನು. ಲೈಪ್‌ಜಿಗ್ಗಿನಲ್ಲಿ ವಿದ್ಯೆಯನ್ನೂ ಸಂಗೀತವನ್ನೂ ಕಲಿತು, 1617ರಲ್ಲಿ ಹುಟ್ಟೂರಿಗೇ ಪಾದ್ರಿಯಾಗಿ ಬಂದನು. ಮರುವರ್ಷವೇ ಮೂವತ್ತು ವರ್ಷಗಳ ಯುದ್ಧ ಆರಂಭವಾಯಿತು. ಅವನ ಸೇವಾಕಾಲದ ಬಹುಭಾಗವೆಲ್ಲ ಯುದ್ಧಕಾಲವೇ ಆಯಿತು.

ಐಲೆನ್‌ಬುರ್ಗಿಗೆ ಕೋಟೆಯಿತ್ತು. ಕೋಟೆಯ ಆಸರೆಯೇ ಊರಿಗೆ ಶಾಪವಾಯಿತು. ಸುತ್ತಲಿನ ಹಳ್ಳಿಗಳಿಂದ ನಿರಾಶ್ರಿತರು ಒಳಕ್ಕೆ ನುಗ್ಗಿದರು. ಇಕ್ಕಟ್ಟಿನಲ್ಲಿ ರೋಗ ಹಬ್ಬಿತು. 1637ರಲ್ಲಿ ಮಹಾಮಾರಿ ಬಂದಾಗ ಹಿರಿಯ ಧರ್ಮಾಧಿಕಾರಿಯು ಹವೆಯ ಬದಲಾವಣೆಗೆಂದು ಹೊರಗೆ ಹೋದವನು ಮರಳಿ ಬರಲಿಲ್ಲ. ಉಳಿದ ಪಾದ್ರಿಗಳು ಸತ್ತರು. ಅವರ ಅಂತ್ಯಕ್ರಿಯೆಯನ್ನೂ ರಿಂಕಾರ್ಟನೇ ನಡೆಸಬೇಕಾಯಿತು. ಅನಂತರ ದಿನಕ್ಕೆ ನಲವತ್ತು ಐವತ್ತು ಶವಗಳಿಗೆ ಅವನೊಬ್ಬನೇ ಪ್ರಾರ್ಥನೆ ಹೇಳಿದನು. ಹೀಗೆ ಅವನು ಮಣ್ಣುಮಾಡಿದವರ ಸಂಖ್ಯೆ 4,480 ಎಂದು ಪರಂಪರೆಯ ಲೆಕ್ಕ. ಅವರಲ್ಲಿ ಮೇ ತಿಂಗಳಲ್ಲಿ ತೀರಿಕೊಂಡ ಅವನ ಸ್ವಂತ ಹೆಂಡತಿಯೂ ಒಬ್ಬಳು.

ರೋಗದ ಬೆನ್ನಹಿಂದೆಯೇ ಕ್ಷಾಮ ಬಂದಿತು. ಸತ್ತ ಬೆಕ್ಕಿಗಾಗಿ, ಕಾಗೆಗಾಗಿ ಜನ ಬೀದಿಯಲ್ಲಿ ಕಾದಾಡಿದರಂತೆ. ರಿಂಕಾರ್ಟನು ತನ್ನ ಮನೆಯ ಧಾನ್ಯವನ್ನು ಹಂಚಿದನು. ಕೊನೆಗೆ ಮಕ್ಕಳ ಅನ್ನವಸ್ತ್ರಗಳಿಗಾಗಿ ಮುಂದಿನ ಹಲವು ವರ್ಷಗಳ ಸಂಬಳವನ್ನೇ ಒತ್ತೆಯಿಟ್ಟು ಸಾಲ ಮಾಡಬೇಕಾಯಿತು. 1639ರಲ್ಲಿ ಸ್ವೀಡಿಷ್ ಸೇನೆಯು ಊರಿನಿಂದ 30,000 ಥಾಲರುಗಳ ಕಪ್ಪವನ್ನು ಕೇಳಿತು. ರಿಂಕಾರ್ಟನು ಸೇನಾನಿಯನ್ನು ಬೇಡಿಕೊಂಡನು, ಫಲಿಸಲಿಲ್ಲ. ಆಗ ಅವನು ಸಭೆಯೊಡನೆ ಮೊಣಕಾಲೂರಿ ಪ್ರಾರ್ಥಿಸಿದನೆಂದೂ, ಅದನ್ನು ಕಂಡ ಸೇನಾನಿಯು ಬೇಡಿಕೆಯನ್ನು 2,000 ನಾಣ್ಯಗಳವರೆಗೆ ಇಳಿಸಿದನೆಂದೂ ಪ್ರತೀತಿ.

ಇಷ್ಟೆಲ್ಲ ಕಂಡ ಈ ಮನುಷ್ಯನೇ 'ನೂನ್ ಡಾಂಕೆಟ್ ಆಲ್ಲೆ ಗೊಟ್' ಎಂಬ ಕೃತಜ್ಞತೆಯ ಕೀರ್ತನೆಯ ಕರ್ತೃ. 1757ರಲ್ಲಿ ಲೊಯ್ಥೆನ್ ಕದನವನ್ನು ಗೆದ್ದ ಪ್ರಷ್ಯದ ಸೈನಿಕರು ಇದನ್ನು ರಣರಂಗದಲ್ಲಿ ಹಾಡಿದರೆಂದು ಪ್ರಸಿದ್ಧಿ. ಬಾಖನು ತನ್ನ ಕೃತಿಗಳಲ್ಲಿಯೂ, ಮೆಂಡೆಲ್ಸೋನನು 1840ರ ಸ್ತುತಿಗೀತೆಯಲ್ಲಿಯೂ ಇದನ್ನು ಅಳವಡಿಸಿದರು. ಹೀಗೆ ಗೆದ್ದವರ, ಉಂಡು ತಣಿದವರ ಹಾಡಾಗಿ ಇದು ಲೋಕಕ್ಕೆ ಪರಿಚಯವಾಯಿತು. 1648ರ ವೆಸ್ಟ್‌ಫೇಲಿಯಾ ಶಾಂತಿಯ ಸಂಭ್ರಮಕ್ಕಾಗಿಯೇ ರಚಿತವಾಯಿತೆಂಬ ಕಥೆಯೂ ಹುಟ್ಟಿಕೊಂಡಿತು.

ಕಥೆ ಸೊಗಸಾಗಿದೆ, ಆದರೆ ತಾರೀಖುಗಳು ಅದಕ್ಕೆ ಒಪ್ಪುವುದಿಲ್ಲ. ಶಾಂತಿಗೆ ಒಂದು ವರ್ಷ ಮುಂಚೆ, 1647ರಲ್ಲಿಯೇ, ಬರ್ಲಿನ್ನಿನ ಯೋಹಾನ್ ಕ್ರ್ಯೂಗರನ ಸಂಗ್ರಹದಲ್ಲಿ ಈ ಕೀರ್ತನೆ ಅಚ್ಚಾಗಿತ್ತು. ಅದರ ರಚನೆ 1630ರ ದಶಕದ್ದೆಂದು ವಿದ್ವಾಂಸರ ಅಭಿಪ್ರಾಯ. ಅದು ವಿಜಯಗೀತೆಯೂ ಅಲ್ಲ. ಮನೆಯವರೆಲ್ಲ ಕುಳಿತು ಉಂಡ ಮೇಲೆ ಹೇಳುವ ಪುಟ್ಟ ಪ್ರಾರ್ಥನೆಯೆಂದು ರಿಂಕಾರ್ಟನು ಅದನ್ನು ಬರೆದನು. ಅದರ ಮೊದಲ ಭಾಗಗಳಿಗೆ ಸಿರಾಖನ ಜ್ಞಾನಗ್ರಂಥದ ಐವತ್ತನೆಯ ಅಧ್ಯಾಯವೇ ಆಧಾರ.

ಅದರ ಎರಡನೆಯ ಚರಣವನ್ನು ವಿಶೇಷವಾಗಿ ಗಮನಿಸಬೇಕು. ತಾನು ಆನಂದದಿಂದಿರುವೆನೆಂದು ಕವಿ ಅಲ್ಲಿ ಸಾರುವುದಿಲ್ಲ. ಸದಾ ಹರ್ಷಿಸುವ ಹೃದಯವನ್ನು ದಯಪಾಲಿಸೆಂದು ದೇವರಲ್ಲಿ ಬೇಡುತ್ತಾನೆ. ನಾಳಿನ ರೊಟ್ಟಿಯನ್ನು ಬೇಡುವವನು ಬೇಡುವಂತೆಯೇ ಬೇಡುತ್ತಾನೆ. ರಿಂಕಾರ್ಟನ ಪಾಲಿಗೆ ಆನಂದವು ಕಣಜದಲ್ಲಿ ಕೂಡಿಟ್ಟ ಧಾನ್ಯವಲ್ಲ. ದಿನದಿನವೂ ಕೇಳಿ ಪಡೆಯಬೇಕಾದ ಅನ್ನ. ಆದುದರಿಂದಲೇ ದುಃಖ ಬಂದಾಗ ಅದು ಸುಳ್ಳಾಗಲಿಲ್ಲ. ಹೆಂಡತಿಯ ಗೋರಿಯ ಬಳಿ ಅವನು ಅಳಲಿಲ್ಲವೆಂದು ಯಾರೂ ಹೇಳಿಲ್ಲ. ಆದರೆ ಅವನು ಊರು ಬಿಟ್ಟು ಹೋಗಲಿಲ್ಲ, ಬಾಗಿಲನ್ನು ಮುಚ್ಚಲಿಲ್ಲ. ಅವನ ಆನಂದ ಎಂಥದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇದಕ್ಕೆ ಪ್ರತಿಫಲವೇನಾದರೂ ದೊರೆಯಿತೇ ಎಂದು ಕೇಳುವವರುಂಟು. ಊರಿನ ಅಧಿಕಾರಿಗಳು ಅವನ ಉಪಕಾರವನ್ನು ಮರೆತು, ಮುಪ್ಪಿನಲ್ಲಿ ಹಣದ ವಿಷಯವಾಗಿ ಪೀಡಿಸಿದರು. ಬಯಸಿದ ಶಾಂತಿ ಬಂದ ಮರುವರ್ಷ, 1649ರ ಡಿಸೆಂಬರಿನಲ್ಲಿ, ಬಳಲಿ ಬೆಂಡಾದ ಆ ಪಾದ್ರಿ ಕಣ್ಣುಮುಚ್ಚಿದನು.

ರಾಜರು ಮಾಡಿದ ಒಪ್ಪಂದಗಳನ್ನು ಚರಿತ್ರೆಯ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿ ಮರೆಯುತ್ತಾರೆ. ಅರೆಹೊಟ್ಟೆಯ ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ಒಬ್ಬ ತಂದೆ ಹೇಳಿಕೊಟ್ಟ ಪ್ರಾರ್ಥನೆಯನ್ನು ಜನ ಇನ್ನೂ ಹಾಡುತ್ತಿದ್ದಾರೆ. ಅದನ್ನು ಕೇಳುವ ಅವಕಾಶ ಎಂದಾದರೂ ಒದಗಿದರೆ, ತುಂಬಿದ ಚರ್ಚನ್ನಲ್ಲ, ಆ ಬರಿದಾದ ಮೇಜನ್ನು ನೆನೆಯಬೇಕೆಂದು ನನ್ನ ವಿಜ್ಞಾಪನೆ.