ಬೆಲೆ, ಬಾಳಿಕೆ ಮತ್ತು ಜಾಲಹಳ್ಳಿಯ ಪುಟ್ಟ ಗಣಕ



ಕಚೇರಿಯ ಕೆಲಸಕ್ಕೆಂದು ಎರಡು ಲ್ಯಾಪ್‌ಟಾಪ್‌ಗಳನ್ನು ಎದುರಿಗಿಟ್ಟುಕೊಂಡು, ಒಂದರ ಬೆಲೆ ಕಡಿಮೆ, ಇನ್ನೊಂದರ ಗುಣಮಟ್ಟ ಹೆಚ್ಚು, ಯಾವುದನ್ನು ಕೊಳ್ಳಲಿ ಎಂದು ತಲೆ ಕೆಡಿಸಿಕೊಳ್ಳದವರು ನಿಮ್ಮಲ್ಲಿ ಅಪರೂಪ. ಯಂತ್ರಗಳ ಒಳಹೊರಗು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ಬಗ್ಗೆ ಉಪದೇಶಿಸುವ ಇರಾದೆ ನನಗಿಲ್ಲ. ಆದರೆ ಈ ಪ್ರಶ್ನೆಗೆ ನಮ್ಮ ಉತ್ತರ ಬೆಂಗಳೂರಿನ ನೆಲದಲ್ಲೇ ಒಂದು ಇತಿಹಾಸವಿದೆ. ಸಿಂಪ್ಯೂಟರ್ ಎಂಬ ಹೆಸರು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಕಿರಿಯರು ಕೇಳಿಯೂ ಇರಲಾರರು. ಅದರ ಕಥೆಯನ್ನು ಬರೆದಿಡುವುದು ಒಳ್ಳೆಯದೆಂದು ತೋರಿತು.

1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನ ಮೇಳದ ಸಂದರ್ಭದಲ್ಲಿ, ಬಡ ದೇಶಗಳಿಗೆ ಗಣಕ ಯಂತ್ರದಿಂದ ಏನು ಪ್ರಯೋಜನ ಎಂಬ ಚರ್ಚೆ ಎದ್ದಿತು. ಅದರ ಫಲವಾಗಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಯಶವಂತಪುರದ ಪಕ್ಕದಲ್ಲೇ ಇರುವ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಅವರೊಂದಿಗೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಇದರ ಹಿಂದಿದ್ದರು. ಸರಳ, ಅಗ್ಗ, ಬಹುಭಾಷಿ: ಈ ಮೂರು ಗುಣಗಳನ್ನು ಹೆಸರಿನಲ್ಲೇ ಅಡಗಿಸಿಕೊಂಡ ಜನರ ಗಣಕವೊಂದನ್ನು ಸುಮಾರು ಒಂಬತ್ತು ಸಾವಿರ ರೂಪಾಯಿಗೆ ಕೊಡಬೇಕೆಂಬುದು ಅವರ ಸಂಕಲ್ಪ.

2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಬೆರಳು ಅಥವಾ ಕಡ್ಡಿಯಿಂದ ಮುಟ್ಟಿ ನಡೆಸುವ ಪರದೆ, ಒಳಗೆ ಲಿನಕ್ಸ್. ಓದಲು ಬಾರದವರಿಗೆ ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯಿತ್ತು. ನನ್ನನ್ನು ಹೆಚ್ಚು ಸೆಳೆದದ್ದು ಸ್ಮಾರ್ಟ್ ಕಾರ್ಡಿನ ಆಲೋಚನೆ. ಊರಿಗೆಲ್ಲ ಒಂದೇ ಯಂತ್ರ, ಆದರೆ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕಾರ್ಡು. ಅದನ್ನು ತೂರಿಸಿದರೆ ಯಂತ್ರ ಆ ಹೊತ್ತಿಗೆ ಅವರದಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುವ ನಮ್ಮ ಜನ, ಒಂದೇ ಹಾಸಿಗೆಯನ್ನು ಊರೆಲ್ಲ ಹಂಚಿಕೊಳ್ಳುವ ಉಪಾಯವನ್ನೂ ಕಂಡುಕೊಂಡಂತಿತ್ತು. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ಇದನ್ನು ಮೆಚ್ಚಿ ಬರೆದರು.

ಟ್ರಸ್ಟ್ ತಾನೇ ಯಂತ್ರ ತಯಾರಿಸಲಿಲ್ಲ. ವಿನ್ಯಾಸವನ್ನು ತೆರೆದಿಟ್ಟು ಪರವಾನಗಿ ಕೊಟ್ಟಿತು. ಮೊದಲು ಪಡೆದವರು ಇಬ್ಬರು: ಎನ್‌ಕೋರ್ ಮತ್ತು ಪ್ರಾಧ್ಯಾಪಕರೇ ಕಟ್ಟಿದ ಪಿಕೊಪೆಟಾ. ಪಿಕೊಪೆಟಾ ತನ್ನ 'ಅಮಿಡಾ' ಸಿಂಪ್ಯೂಟರ್ ತಯಾರಿಸಲು ಕೈಜೋಡಿಸಿದ್ದು 1954ರಲ್ಲಿ ಸ್ಥಾಪನೆಯಾದ ನಮ್ಮ ಜಾಲಹಳ್ಳಿಯ ಬಿಇಎಲ್ ಜೊತೆಗೆ. ಟಾಟಾ ಇನ್‌ಸ್ಟಿಟ್ಯೂಟ್ ಕಡೆಯಿಂದ ನ್ಯೂ ಬಿಇಎಲ್ ರಸ್ತೆ ಹಿಡಿದು ಬಿಇಎಲ್ ವೃತ್ತಕ್ಕೆ ಎಷ್ಟು ದೂರವೆಂದು ನಿಮಗೆ ಗೊತ್ತು. ಕಲ್ಪನೆ ಹುಟ್ಟಿದ ಜಾಗ ಮತ್ತು ವಸ್ತು ತಯಾರಾಗುವ ಜಾಗ ಇಷ್ಟು ಹತ್ತಿರವಾದದ್ದು ಕಂಡು ನಮ್ಮ ಕಡೆಯವರಿಗೆ ಹೆಮ್ಮೆಯೇ ಆಗಿತ್ತು.

2004ರಲ್ಲಿ ಅಮಿಡಾ ಮಾರುಕಟ್ಟೆಗೆ ಬಂತು. ಕಪ್ಪುಬಿಳುಪು ಪರದೆಯದು ಹತ್ತು ಸಾವಿರದೊಳಗೆ, ಬಣ್ಣದ್ದು ಇಪ್ಪತ್ತು ಸಾವಿರದ ಆಸುಪಾಸು. ಕೈಯಲ್ಲಿ ಓರೆ ಮಾಡಿದರೆ ಪುಟ ತಿರುಗುವ ಸೌಲಭ್ಯ ಅದರಲ್ಲಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನಪಿಡಿ. 2005ರಲ್ಲಿ ಎನ್‌ಕೋರ್ ಕಂಪನಿ ಕೇಂದ್ರದ ಸಿಎಸ್‌ಐಆರ್ ನೆರವಿನಿಂದ 'ಮೊಬಿಲಿಸ್' ಎಂಬ ಇನ್ನೊಂದನ್ನು ತೋರಿಸಿತು. ಅದು ಏಳು ಅಂಗುಲಕ್ಕೆ ತುಸು ಮೀರಿದ ಪರದೆಯುಳ್ಳದ್ದು, ಲ್ಯಾಪ್‌ಟಾಪಿನ ಕೆಲಸವನ್ನೇ ಅಗ್ಗದಲ್ಲಿ ಮಾಡಬೇಕೆಂಬ ಉದ್ದೇಶದ್ದು. ಒಂದೇ ತಾಯಿಯ ಎರಡು ಮಕ್ಕಳು ಹೀಗೆ ಬೇರೆ ಬೇರೆ ದಾರಿ ಹಿಡಿದವು.

ಆ ಹೊತ್ತಿಗೆ ಯಲಹಂಕದ ನಮ್ಮ ಶಾಲೆಯಲ್ಲಿ ಲೆಕ್ಕಪತ್ರಕ್ಕೆ, ಸಭೆಗಳಿಗೆ ಒಯ್ಯುವಂಥ ಒಂದು ಗಣಕ ಬೇಕೆಂಬ ಮಾತು ಬಂದಿತ್ತು. ಆಡಳಿತ ಮಂಡಳಿಯ ಮುಂದೆ ಎರಡು ಲ್ಯಾಪ್‌ಟಾಪ್‌ಗಳ ದರಪಟ್ಟಿಗಳಿದ್ದವು: ಒಂದು ನಲವತ್ತೆರಡು ಸಾವಿರ, ಒಂದು ವರ್ಷದ ವಾರಂಟಿ, ಇನ್ನೊಂದು ಐವತ್ತೆಂಟು ಸಾವಿರ, ಮೂರು ವರ್ಷದ ವಾರಂಟಿ. ಬಿಇಎಲ್‌ನವರ ಸಿಂಪ್ಯೂಟರ್ ಏಕಾಗಬಾರದು ಎಂದು ನಾನು ಕೇಳಿದೆ. ನಮ್ಮ ಗುಮಾಸ್ತರು ಮೆಲ್ಲಗೆ, "ಮೇಷ್ಟ್ರೇ, ಅದರಲ್ಲಿ ನುಡಿ ಬರುತ್ತದೆಯೇ?" ಎಂದರು. ಸಭೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ.

ಆ ಒಂದು ಪ್ರಶ್ನೆಯಲ್ಲಿ ಸಿಂಪ್ಯೂಟರಿನ ಇಡೀ ಸಂಕಟ ಅಡಗಿದೆಯೆಂದು ನನಗೆ ಇಂದಿಗೂ ಅನ್ನಿಸುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರ ಬರಹ, ಇವೆರಡೂ ವಿಂಡೋಸ್ ಮೇಲೆ ನಡೆಯುವ ತಂತ್ರಾಂಶಗಳು. ಇಲಾಖೆಗೆ ಹೋಗುವ ಪತ್ರ, ಪ್ರಶ್ನೆಪತ್ರಿಕೆ, ಸಂಬಳದ ಪಟ್ಟಿ ಎಲ್ಲವೂ ಅವುಗಳಲ್ಲೇ ಸಿದ್ಧವಾಗುತ್ತಿದ್ದವು. ಕನ್ನಡಿಗರಿಗಾಗಿಯೂ ಹುಟ್ಟಿದ ಯಂತ್ರಕ್ಕೆ ಕನ್ನಡದ ಕಚೇರಿಯೊಳಗೆ ಕುರ್ಚಿ ಸಿಗಲಿಲ್ಲ. ಗುಣಮಟ್ಟವೆಂದರೆ ಡಬ್ಬಿಯೊಳಗಿನ ಬಿಡಿಭಾಗಗಳಷ್ಟೇ ಅಲ್ಲ. ಅಕ್ಕಪಕ್ಕದವರು ಬಳಸುವ ಕಡತ ಅದರಲ್ಲಿ ತೆರೆಯಬೇಕು, ಕೆಟ್ಟರೆ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಸಿಗಬೇಕು, ತೋಚದಿದ್ದಾಗ ಪಕ್ಕದ ಮೇಜಿನವರು ಹೇಳಿಕೊಡಬೇಕು. ಹತ್ತು ಸಾವಿರದ ಬೆಲೆಯಲ್ಲಿ ಇವು ಯಾವುವೂ ಸೇರಿರಲಿಲ್ಲ.

ಕೊನೆಗೆ ಮಂಡಳಿಯ ಹಿರಿಯ ಸದಸ್ಯರೊಬ್ಬರು, ಜೀವನವಿಡೀ ಅಂಗಡಿ ನಡೆಸಿದವರು, ಒಂದು ಚೀಟಿಯ ಮೇಲೆ ಲೆಕ್ಕ ಹಾಕಿದರು. ಅಗ್ಗದ್ದು ಮೂರು ವರ್ಷ ಬಂದರೆ ವರ್ಷಕ್ಕೆ ಹದಿನಾಲ್ಕು ಸಾವಿರ; ದುಬಾರಿಯದು ಐದು ವರ್ಷ ಬಂದರೆ ವರ್ಷಕ್ಕೆ ಹನ್ನೊಂದು ಸಾವಿರದ ಆರುನೂರು. "ಯಾವುದು ಅಗ್ಗ, ನೀವೇ ಹೇಳಿ" ಎಂದರು. ಎರಡನೆಯದನ್ನೇ ಕೊಂಡೆವು.

ಸಿಂಪ್ಯೂಟರಿಗೆ ಪೆಟ್ಟು ಕೆಳಗಿನಿಂದಲೂ ಬಿತ್ತು. 2005ರಲ್ಲಿ ಎಚ್‌ಸಿಎಲ್ 9,990 ರೂಪಾಯಿಗೆ ಮೇಜಿನ ಗಣಕವನ್ನೇ ಮಾರತೊಡಗಿತು. ಅಷ್ಟೇ ದುಡ್ಡಿಗೆ ದೊಡ್ಡ ಪರದೆ, ಕೀಲಿಮಣೆ ಸಿಗುವಾಗ ಅಂಗೈಯ ಯಂತ್ರವನ್ನು ಕೇಳುವವರು ಯಾರು? ಮೇಲಿನಿಂದ ಮೊಬೈಲ್ ಫೋನು ಬರುತ್ತಿತ್ತು. ಐವತ್ತು ಸಾವಿರ ಯಂತ್ರಗಳ ಗುರಿಯೆದುರು ಮೊದಲ ವರ್ಷದ ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಕಡಿಮೆ ಸಂಖ್ಯೆಯಲ್ಲಿ ತಯಾರಾದರೆ ಬೆಲೆ ಇಳಿಯದು. ಬೆಲೆ ಇಳಿಯದಿದ್ದರೆ ಸಂಖ್ಯೆ ಏರದು.

ಆದರೆ ಇದನ್ನು ಬಿಇಎಲ್‌ನ ಸೋಲೆಂದು ಬರೆದರೆ ಅನ್ಯಾಯವಾದೀತು. ಅದೇ 2004ರಲ್ಲಿ ಲೋಕಸಭಾ ಚುನಾವಣೆ ಮೊದಲ ಬಾರಿಗೆ ದೇಶದ ಎಲ್ಲ 543 ಕ್ಷೇತ್ರಗಳಲ್ಲೂ ಮತಯಂತ್ರಗಳ ಮೂಲಕ ನಡೆಯಿತು. ಅವನ್ನು ತಯಾರಿಸಿದವು ಎರಡು ಸರ್ಕಾರಿ ಸಂಸ್ಥೆಗಳು: ಹೈದರಾಬಾದಿನ ಇಸಿಐಎಲ್ ಮತ್ತು ನಮ್ಮ ಬಿಇಎಲ್. 1989-90ರಲ್ಲಿ ಕೊಂಡ ಮತಯಂತ್ರವೊಂದರ ಬೆಲೆ 5,500 ರೂಪಾಯಿ. ಬಾಳಿಕೆ ಸುಮಾರು ಹದಿನೈದು ವರ್ಷ. ಕರೆಂಟಿಲ್ಲದ ಊರಲ್ಲೂ ಬ್ಯಾಟರಿಯಲ್ಲಿ ನಡೆಯುತ್ತದೆ, ಓದಲು ಬಾರದವರೂ ಚಿಹ್ನೆ ನೋಡಿ ಗುಂಡಿ ಒತ್ತುತ್ತಾರೆ. ಸರಳ, ಅಗ್ಗ, ಜನರದು: ಸಿಂಪ್ಯೂಟರ್ ಬಯಸಿದ್ದೂ ಇದನ್ನೇ ಅಲ್ಲವೇ? ವ್ಯತ್ಯಾಸ ಇಷ್ಟೇ. ಮತಯಂತ್ರಕ್ಕೆ ಒಂದೇ ಕೆಲಸ, ಒಬ್ಬನೇ ಗಿರಾಕಿ. ಕೊಳ್ಳುವವರಿಗೆ ತಮಗೇನು ಬೇಕೆಂಬುದು ಮೊದಲೇ ಸ್ಪಷ್ಟವಾಗಿತ್ತು. ಸಿಂಪ್ಯೂಟರ್ ಎಲ್ಲರ ಎಲ್ಲ ಕೆಲಸಕ್ಕೂ ಒದಗಬೇಕೆಂದು ಹೊರಟು, ಅಂಗಡಿಯ ಹಲಗೆಯ ಮೇಲೆ ಲ್ಯಾಪ್‌ಟಾಪಿನ ಜೊತೆ ಹೋಲಿಕೆಗೆ ನಿಲ್ಲಬೇಕಾಯಿತು.

ಆದುದರಿಂದ, ಬೆಲೆ ಹೆಚ್ಚೋ ಗುಣ ಹೆಚ್ಚೋ ಎಂದು ತೂಗುವ ಮೊದಲು ಕೆಲಸ ಯಾವುದೆಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಆ ಕೆಲಸದಲ್ಲಿ ನಿಮ್ಮ ಜೊತೆಗಾರರು ಯಾರು, ಅವರ ಕೈಯಲ್ಲಿರುವುದೇನು ಎಂಬುದನ್ನೂ ಬರೆಯಿರಿ. ಅನಂತರ ಬೆಲೆಯನ್ನು ವರ್ಷಗಳಿಂದ ಭಾಗಿಸಿ. ಆ ಪ್ರಾಧ್ಯಾಪಕರು ಕಂಡ ಕನಸೇನೂ ಸುಳ್ಳಾಗಲಿಲ್ಲ. ಓರೆ ಮಾಡಿದರೆ ತಿರುಗುವ ಪರದೆ, ಬೆರಳಿನ ಬರಹ, ಕನ್ನಡದಲ್ಲಿ ಓದಿ ಹೇಳುವ ದನಿ, ಎಲ್ಲವೂ ಇಂದು ಹಳ್ಳಿಯ ರೈತನ ಜೇಬಿನ ಫೋನಿನಲ್ಲಿವೆ. ಅದರ ಮೇಲೆ ಜಾಲಹಳ್ಳಿಯ ಹೆಸರಿಲ್ಲ ಎಂಬುದಷ್ಟೇ ನನ್ನ ಕೊರಗು.